ಲೆಕ್ಕಪತ್ರದ ಮೇಜಿಗೆ ಹೊಸಬರ ಆಯ್ಕೆ: ಸಂದರ್ಶನ ನಡೆಸುವವರಿಗೂ ಎದುರಿಸುವವರಿಗೂ ಕೆಲವು ಸೂಚನೆಗಳು

ಜಿಎಸ್‌ಟಿ ರಿಟರ್ನ್‌ಗಳನ್ನು ಪ್ರತಿ ತಿಂಗಳೂ ಸಲ್ಲಿಸುವ ಸಣ್ಣ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗಕ್ಕೆ ನಾಲ್ಕು ದಿನಾಂಕಗಳು ಮೀರಲಾಗದ ಗಡಿಗಳು. 7ರೊಳಗೆ ಮೂಲದಲ್ಲಿ ಕಡಿತ ಮಾಡಿದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಬೇಕು (ಮಾರ್ಚ್ ತಿಂಗಳ ಕಡಿತಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಅವಕಾಶವಿದೆ). 11ರೊಳಗೆ ಜಿಎಸ್‌ಟಿಆರ್-1, 15ರೊಳಗೆ ಭವಿಷ್ಯನಿಧಿ ಹಾಗೂ ಇಎಸ್‌ಐ ವಂತಿಗೆ, 20ರೊಳಗೆ ಜಿಎಸ್‌ಟಿಆರ್-3ಬಿ. ಸಣ್ಣ ಘಟಕಗಳಲ್ಲಿ ಈ ನಾಲ್ಕೂ ಸಾಮಾನ್ಯವಾಗಿ ಒಬ್ಬರೇ ಲೆಕ್ಕ ಸಹಾಯಕರ ಮೇಜಿನ ಮೇಲಿರುತ್ತವೆ. ಆ ವ್ಯಕ್ತಿ ಬಹುಪಾಲು ಈಗತಾನೆ ಬಿ.ಕಾಂ. ಮುಗಿಸಿದ ಯುವಕ ಅಥವಾ ಯುವತಿ.

ಹಳೆಯ ಲೇತ್ ಯಂತ್ರವೊಂದನ್ನು ಕೊಳ್ಳುವ ಮುನ್ನ ಅರ್ಧ ದಿನ ಓಡಿಸಿ ನೋಡುವ ಉದ್ಯಮಿ, ಈ ಮೇಜಿಗೆ ಬರುವವರನ್ನು ಹತ್ತು ನಿಮಿಷದ ಮಾತಿನಲ್ಲಿ ಆರಿಸುವುದುಂಟು. ಪರಿಚಿತರೊಬ್ಬರ ಶಿಫಾರಸು, ಊರು-ಮನೆತನದ ವಿಚಾರಣೆ, "ಟ್ಯಾಲಿ ಬರುತ್ತದೆಯೇ?" ಎಂಬ ಒಂದು ಪ್ರಶ್ನೆ, "ನಾಳೆಯಿಂದ ಬನ್ನಿ" ಎಂಬ ಅಪ್ಪಣೆ, ಆಯ್ಕೆ ಮುಗಿಯಿತು. ಹೀಗೆ ಸೇರಿದವರು ನಾಲ್ಕು ತಿಂಗಳಲ್ಲಿ ಬಿಟ್ಟುಹೋದರೆ "ಇಂದಿನ ಹುಡುಗರಿಗೆ ಶ್ರದ್ಧೆಯಿಲ್ಲ" ಎಂಬ ದೂರು ಕೇಳಿಬರುತ್ತದೆ. ಅತ್ತ ಅಭ್ಯರ್ಥಿಯ ಮನೆಯಲ್ಲಿ "ಅಲ್ಲಿ ಕಲಿಸುವವರೇ ಇಲ್ಲ" ಎಂಬ ದೂರು. ಎರಡು ದೂರುಗಳಿಗೂ ಮೂಲ ಒಂದೇ: ಸಂದರ್ಶನವು ಸಂದರ್ಶನವಾಗಿ ನಡೆದಿರುವುದಿಲ್ಲ.

ತಪ್ಪು ಆಯ್ಕೆಯ ನಿಜವಾದ ವೆಚ್ಚ

ಒಂದು ಲೆಕ್ಕವನ್ನು ನೋಡಬಹುದು. 1,50,000 ರೂ. ತೆರಿಗೆಯನ್ನು ನಗದಾಗಿ ಕಟ್ಟಬೇಕಿದ್ದ ಘಟಕವು ಜಿಎಸ್‌ಟಿಆರ್-3ಬಿಯನ್ನು 12 ದಿನ ತಡವಾಗಿ ಸಲ್ಲಿಸಿತೆಂದಿಟ್ಟುಕೊಳ್ಳೋಣ. ವಾರ್ಷಿಕ ಶೇ. 18ರಂತೆ ಬಡ್ಡಿ ಸುಮಾರು 888 ರೂ.; ದಿನಕ್ಕೆ 50 ರೂ.ನಂತೆ ವಿಳಂಬ ಶುಲ್ಕ 600 ರೂ.; ಒಟ್ಟು 1,488 ರೂ. ಈ ಮೊತ್ತವನ್ನು ಕಂಡು ಉದ್ಯಮಿ ನಿರಾಳವಾಗಬಹುದು. ಆದರೆ ಹೆಚ್ಚಿನ ನಷ್ಟ ಇಲ್ಲಿಲ್ಲ. ಜಿಎಸ್‌ಟಿಆರ್-1 ತಡವಾದರೆ, ಅಥವಾ ಅದರಲ್ಲಿ ಗ್ರಾಹಕನ ನೋಂದಣಿ ಸಂಖ್ಯೆ ತಪ್ಪಾಗಿ ನಮೂದಾದರೆ, ಆ ಬಿಲ್ಲು ಗ್ರಾಹಕನ 2ಬಿ ಪಟ್ಟಿಯಲ್ಲಿ ಕಾಣುವುದಿಲ್ಲ. ಹೂಡುವಳಿ ತೆರಿಗೆಯ ಜಮೆ ಅವನಿಗೆ ಸಿಗುವುದಿಲ್ಲ. 5,00,000 ರೂ. ಸರಕಿನ ಬಿಲ್ಲಿನಲ್ಲಿ 90,000 ರೂ. ತೆರಿಗೆಯಿದ್ದರೆ, ದೊಡ್ಡ ಗ್ರಾಹಕರು ಆ 90,000 ರೂ.ಗಳನ್ನು ತಡೆಹಿಡಿದು ಉಳಿದದ್ದನ್ನಷ್ಟೇ ಪಾವತಿಸುವುದು ಈಗ ಸಾಮಾನ್ಯ ರೂಢಿ. ಸಣ್ಣ ಘಟಕವೊಂದಕ್ಕೆ ಇದು ಇಡೀ ತಿಂಗಳ ಕೂಲಿಯ ಹಣವಾಗಬಹುದು.

ಆದುದರಿಂದ ಲೆಕ್ಕ ಸಹಾಯಕರ ಆಯ್ಕೆಗೆ ಒಂದು ಪೂರ್ಣ ಗಂಟೆಯನ್ನು ಮೀಸಲಿಡುವುದು ಔದಾರ್ಯವಲ್ಲ, ವ್ಯವಹಾರ.

ಮೊದಲು ಕೆಲಸದ ವಿವರ, ಆಮೇಲೆ ಪ್ರಕಟಣೆ

"ಅನುಭವವುಳ್ಳ ಅಕೌಂಟೆಂಟ್ ಬೇಕಾಗಿದ್ದಾರೆ" ಎಂಬ ಸಾಲಿನಿಂದ ಏನೂ ತಿಳಿಯದು. ಪ್ರಕಟಣೆಗೆ ಮುನ್ನ ಮಾಲೀಕರು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕಾದ ಅಂಶಗಳು ಇವು: ತಿಂಗಳಿಗೆ ಸರಾಸರಿ ಎಷ್ಟು ಮಾರಾಟ ಬಿಲ್ಲು, ಎಷ್ಟು ಖರೀದಿ ಬಿಲ್ಲು, ಬ್ಯಾಂಕ್ ಖಾತೆಗಳೆಷ್ಟು, ಸಂಬಳದ ಪಟ್ಟಿಯೂ ಇದೇ ಮೇಜಿಗೆ ಸೇರುತ್ತದೆಯೇ, ರಿಟರ್ನ್ ಸಲ್ಲಿಸುವವರು ಸಹಾಯಕರೋ, ಹೊರಗಿನ ಲೆಕ್ಕಪರಿಶೋಧಕರೋ, ಕೆಲಸದ ವೇಳೆ ಮತ್ತು ವೇತನ. ವೇತನವನ್ನು ಪ್ರಕಟಣೆಯಲ್ಲೇ ತಿಳಿಸುವುದರಿಂದ ಇಬ್ಬರ ಸಮಯವೂ ಉಳಿಯುತ್ತದೆ.

ನಿಜಕ್ಕೂ ಅನುಭವಸ್ಥರೇ ಬೇಕೇ ಎಂಬುದನ್ನೂ ಯೋಚಿಸಬೇಕು. ತಿಂಗಳಿಗೆ ನೂರೈವತ್ತು ಬಿಲ್ಲುಗಳಿರುವ ಘಟಕಕ್ಕೆ, ಪರಿಶೋಧಕರ ಮೇಲ್ವಿಚಾರಣೆಯಿದ್ದಲ್ಲಿ, ಚುರುಕಾದ ಹೊಸ ಪದವೀಧರರು ಸಾಕು. ಎಲ್ಲರೂ ಅನುಭವವನ್ನೇ ಕೇಳಿದರೆ ಅನುಭವ ಹುಟ್ಟುವ ಸ್ಥಳ ಯಾವುದು?

ಅಭ್ಯರ್ಥಿಗಳು ದೊರೆಯುವ ಕಡೆಗಳು ಹಲವು. ಸ್ಥಳೀಯ ಪದವಿ ಕಾಲೇಜಿನ ವಾಣಿಜ್ಯ ವಿಭಾಗದ ಮುಖ್ಯಸ್ಥರಿಗೆ ಬರೆದ ಒಂದು ಪತ್ರ, ಅನೇಕ ಸಂದರ್ಭಗಳಲ್ಲಿ, ಪತ್ರಿಕೆಯ ಜಾಹೀರಾತಿಗಿಂತ ಹೆಚ್ಚು ಫಲ ಕೊಡುತ್ತದೆ. 2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣ ಹಾಗೂ ಕರ್ನಾಟಕದ ಸ್ಕಿಲ್ ಕನೆಕ್ಟ್ ಜಾಲತಾಣಗಳಲ್ಲಿಯೂ ಉದ್ಯೋಗದಾತರು ನೋಂದಾಯಿಸಿಕೊಳ್ಳಬಹುದು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಶಿಕ್ಷಾರ್ಥಿಗಳನ್ನು ತೆಗೆದುಕೊಳ್ಳುವ ದಾರಿಯೂ ಇದೆ. 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳಿಗೆ ಇದು ಕಡ್ಡಾಯ. 4ರಿಂದ 29ರವರೆಗೆ ಇರುವವುಗಳಿಗೆ ಐಚ್ಛಿಕ. ಆದರೆ "ಟ್ರೈನಿ" ಎಂದು ಹೆಸರಿಟ್ಟ ಮಾತ್ರಕ್ಕೆ ಯಾರೂ ಈ ಕಾಯ್ದೆಯ ಶಿಕ್ಷಾರ್ಥಿಯಾಗುವುದಿಲ್ಲ. ನೋಂದಾಯಿತ ಒಪ್ಪಂದವಿಲ್ಲದಿದ್ದರೆ ಅವರು ಸಾಮಾನ್ಯ ನೌಕರರೇ. ಕನಿಷ್ಠ ವೇತನದ ನಿಯಮ ಅವರಿಗೂ ಅನ್ವಯಿಸುತ್ತದೆ.

ಒಂದು ಗಂಟೆಯ ಸಂದರ್ಶನ

ಮೊದಲ ಹತ್ತು ನಿಮಿಷ ಪರಿಚಯ ಮತ್ತು ಕೆಲಸದ ವಿವರಣೆ. ಮುಂದಿನ ಮೂವತ್ತು ನಿಮಿಷ ಕಾಗದ-ಪೆನ್ನಿನ ಪರೀಕ್ಷೆ. ಕೊನೆಯ ಇಪ್ಪತ್ತು ನಿಮಿಷ ಮಾತು. ಪರೀಕ್ಷೆಗೆ ಮೂರು ಪ್ರಶ್ನೆಗಳು ಸಾಕು.

ಮೊದಲನೆಯದು, ಖರೀದಿ ಬಿಲ್ಲು. ಕೊಲ್ಹಾಪುರದ ಸರಬರಾಜುದಾರನಿಂದ ದಾವಣಗೆರೆಯ ಘಟಕಕ್ಕೆ 43,000 ರೂ. ಮೌಲ್ಯದ ಯಂತ್ರಭಾಗಗಳು ಲಾರಿಯಲ್ಲಿ ಬಂದಿವೆ, ತೆರಿಗೆ ಶೇ. 18. ಯಾವ ತೆರಿಗೆ, ಎಷ್ಟು, ಇ-ವೇ ಬಿಲ್ಲು ಬೇಕೇ? ಅಂತರರಾಜ್ಯ ವಹಿವಾಟಾದ್ದರಿಂದ ಐಜಿಎಸ್‌ಟಿ 7,740 ರೂ.; ಒಟ್ಟು 50,740 ರೂ. ಇ-ವೇ ಬಿಲ್ಲಿನ 50,000 ರೂ. ಮಿತಿಯನ್ನು ಲೆಕ್ಕಹಾಕುವಾಗ ತೆರಿಗೆಯೂ ಸೇರುವುದರಿಂದ ಇ-ವೇ ಬಿಲ್ಲು ಬೇಕು. 43,000 ಎಂಬ ಅಂಕಿಯನ್ನಷ್ಟೇ ನೋಡಿ "ಬೇಡ" ಎನ್ನುವವರು ಅನೇಕರು. ಅದೇ ಸರಕು ಹುಬ್ಬಳ್ಳಿಯಿಂದ ಬಂದಿದ್ದರೆ ತೆರಿಗೆ ಹೇಗೆ ವಿಭಾಗವಾಗುತ್ತದೆ ಎಂದು ಮುಂದುವರಿಸಿ ಕೇಳಬಹುದು. ಕೇಂದ್ರಕ್ಕೆ 3,870, ರಾಜ್ಯಕ್ಕೆ 3,870 ಎಂಬುದು ಉತ್ತರ.

ಎರಡನೆಯದು, ಬ್ಯಾಂಕ್ ತಾಳೆ. ನಗದು ಪುಸ್ತಕದ ಬ್ಯಾಂಕ್ ಅಂಕಣದಲ್ಲಿ ಶಿಲ್ಕು 1,86,400 ರೂ. ಕೊಟ್ಟ ಚೆಕ್ಕು 22,500 ರೂ. ಇನ್ನೂ ಬ್ಯಾಂಕಿಗೆ ಹಾಜರಾಗಿಲ್ಲ. ಕಟ್ಟಿದ ಚೆಕ್ಕು 15,000 ರೂ. ಜಮೆಯಾಗಿಲ್ಲ, ಬ್ಯಾಂಕು 236 ರೂ. ಶುಲ್ಕ ಹಿಡಿದಿದೆ, ಪುಸ್ತಕದಲ್ಲಿ ಬರೆದಿಲ್ಲ. ಪಾಸ್‌ಪುಸ್ತಕದ ಶಿಲ್ಕು ಎಷ್ಟು? ಉತ್ತರ 1,93,664 ರೂ. ಉತ್ತರ ತಪ್ಪಾದರೂ ಹಂತಗಳನ್ನು ಗಮನಿಸಬೇಕು. ಕೂಡುವ-ಕಳೆಯುವ ದಿಕ್ಕು ತಿಳಿದಿದ್ದು ಅಂಕಿ ತಪ್ಪಿದವರನ್ನು ತಿದ್ದಬಹುದು. ದಿಕ್ಕೇ ತಿಳಿಯದವರಿಗೆ ಹೆಚ್ಚು ಕಾಲ ಕಲಿಸಬೇಕಾದೀತು.

ಮೂರನೆಯದು, ಪತ್ರ. ಅವಧಿ ಮೀರಿದ ಬಾಕಿಗಾಗಿ ಹಳೆಯ ಗ್ರಾಹಕರೊಬ್ಬರಿಗೆ ಐದಾರು ಸಾಲಿನ ಜ್ಞಾಪನ ಪತ್ರ, ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು, ಒಪ್ಪಂದವಿದ್ದರೂ, 45 ದಿನ ಮೀರಿ ಉಳಿಸಿಕೊಳ್ಳುವಂತಿಲ್ಲ ಎಂಬುದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ನಿಯಮ. ಅಭ್ಯರ್ಥಿಗೆ ಇದು ತಿಳಿದಿರಲೇಬೇಕೆಂದಿಲ್ಲ. ಬಿಲ್ಲಿನ ಸಂಖ್ಯೆ, ತಾರೀಖು, ಮೊತ್ತಗಳನ್ನು ಮರೆಯದೆ, ಗ್ರಾಹಕನ ಮನಸ್ಸನ್ನು ನೋಯಿಸದೆ, ಹಣವನ್ನು ಸ್ಪಷ್ಟವಾಗಿ ಕೇಳಬಲ್ಲರೇ ಎಂಬುದಷ್ಟೇ ಪರೀಕ್ಷೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. "ಒಂದು ವಾರ ಕೆಲಸ ಮಾಡಿ ತೋರಿಸಿ, ಆಮೇಲೆ ನೋಡೋಣ" ಎಂದು ಸಂಬಳವಿಲ್ಲದೆ ದುಡಿಸುವುದು ಪರೀಕ್ಷೆಯಲ್ಲ. ಅರ್ಧ ಗಂಟೆಯಲ್ಲಿ ತಿಳಿಯಬಹುದಾದುದಕ್ಕೆ ಒಬ್ಬರ ವಾರವನ್ನು ಕಸಿಯಬಾರದು.

ಕೇಳಬೇಕಾದ ಮತ್ತು ಕೇಳಬಾರದ ಪ್ರಶ್ನೆಗಳು

"ನಿಮ್ಮ ಬಗ್ಗೆ ಹೇಳಿ" ಎಂಬ ಪ್ರಶ್ನೆಗೆ ಕಂಠಪಾಠದ ಉತ್ತರ ದೊರೆಯುತ್ತದೆ. ಅದಕ್ಕಿಂತ ಕೆಲಸದ ಸಂದರ್ಭವೊಂದನ್ನು ಮುಂದಿಡುವುದು ಲೇಸು. ಉದಾಹರಣೆಗೆ: "ಸಂಜೆ ಎಣಿಸಿದಾಗ ನಗದಿನಲ್ಲಿ 500 ರೂ. ಕಡಿಮೆಯಿದೆ. ಏನು ಮಾಡುವಿರಿ?" ಕೆಲವರು "ಕೈಯಿಂದ ಹಾಕುತ್ತೇನೆ" ಎನ್ನುತ್ತಾರೆ, ಇದು ಪ್ರಾಮಾಣಿಕತೆಯಂತೆ ಕಂಡರೂ ತಪ್ಪನ್ನು ಮುಚ್ಚುವ ಅಭ್ಯಾಸ. ಕೆಲವರು "ಇತರೆ ಖರ್ಚಿಗೆ ಬರೆಯುತ್ತೇನೆ" ಎನ್ನುತ್ತಾರೆ. ಇದು ಇನ್ನೂ ಅಪಾಯಕರ. ಮತ್ತೆ ಎಣಿಸಿ, ದಿನದ ವೋಚರುಗಳನ್ನು ತಾಳೆ ನೋಡಿ, ಸಿಗದಿದ್ದರೆ ಅಂದೇ ಮಾಲೀಕರಿಗೆ ತಿಳಿಸುತ್ತೇನೆ ಎನ್ನುವವರು ಈ ಮೇಜಿಗೆ ತಕ್ಕವರು. ಅಂತಹ ಉತ್ತರವನ್ನು ನಿರೀಕ್ಷಿಸುವ ಮಾಲೀಕರು, ತಪ್ಪನ್ನು ಹೇಳಿಕೊಂಡು ಬಂದವರ ಮೇಲೆ ರೇಗದಿರುವ ಸಂಯಮವನ್ನೂ ಇಟ್ಟುಕೊಳ್ಳಬೇಕು.

ಕೇಳಬಾರದ ಪ್ರಶ್ನೆಗಳೂ ಇವೆ. ಜಾತಿಯ ವಿಚಾರಣೆಗೂ ಲೆಕ್ಕದ ಕೆಲಸಕ್ಕೂ ಸಂಬಂಧವಿಲ್ಲ. "ಮದುವೆ ಯಾವಾಗ? ಆಮೇಲೆ ಕೆಲಸ ಬಿಡುತ್ತೀರಲ್ಲವೇ?" ಎಂಬುದು ಯುವತಿಯರಿಗೆ ಮಾತ್ರ ಎದುರಾಗುವ ಪ್ರಶ್ನೆ. ನೇಮಕಾತಿಯಲ್ಲಿ ಹೆಣ್ಣು-ಗಂಡೆಂಬ ಭೇದವನ್ನು 1976ರ ಸಮಾನ ವೇತನ ಕಾಯ್ದೆಯೇ ನಿಷೇಧಿಸಿತ್ತು. ವೇತನ ಸಂಹಿತೆಯಲ್ಲಿಯೂ ಆ ನಿಷೇಧ ಮುಂದುವರಿದಿದೆ. ಎಷ್ಟು ಕಾಲ ಉಳಿಯುವರೆಂಬ ಚಿಂತೆ ಸಹಜವೇ. "ಮುಂದಿನ ಎರಡು ವರ್ಷಗಳಲ್ಲಿ ಏನು ಕಲಿಯಬೇಕೆಂದಿದ್ದೀರಿ?" ಎಂದು ಯುವಕ-ಯುವತಿಯರಿಬ್ಬರಿಗೂ ಕೇಳಿದರೆ ಬೇಕಾದ ಉತ್ತರ ಅದರಲ್ಲೇ ಸಿಗುತ್ತದೆ.

ಅಭ್ಯರ್ಥಿಯ ಸಿದ್ಧತೆ

ಈ ಭಾಗವನ್ನು ಸದಸ್ಯರು ತಮ್ಮ ಮನೆಯ, ನೆರೆಹೊರೆಯ ಪದವೀಧರರಿಗೆ ಓದಲು ಕೊಡಬಹುದು.

ಸಣ್ಣ ಸಂಸ್ಥೆಗಳಲ್ಲಿ ಖಾಲಿಯಾಗುವ ಕೆಲಸಗಳಲ್ಲಿ ಬಹಳಷ್ಟು ಪ್ರಕಟವಾಗುವುದೇ ಇಲ್ಲ. ಆದುದರಿಂದ ಜಾಹೀರಾತಿಗಾಗಿ ಕಾಯದೆ, ಊರಿನ ಕೈಗಾರಿಕಾ ವಸಾಹತು ಮತ್ತು ವ್ಯಾಪಾರಿ ಬೀದಿಗಳ ಇಪ್ಪತ್ತು ಸಂಸ್ಥೆಗಳ ಪಟ್ಟಿ ಮಾಡಿಕೊಂಡು ಖುದ್ದಾಗಿ ಹೋಗುವುದು ಒಳ್ಳೆಯದು. ಹೋಗುವ ದಿನವನ್ನೂ ಆರಿಸಬೇಕು. 18, 19, 20ರಂದು ಹೋದವರಿಗೆ ಮಾಲೀಕರ ಮುಖವೂ ಕಾಣಸಿಗದು; 21ರ ನಂತರ ಎಲ್ಲರಿಗೂ ಸ್ವಲ್ಪ ಬಿಡುವು. ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಲೆಕ್ಕಪತ್ರ ತಪಾಸಣೆಯ ಒತ್ತಡದ ತಿಂಗಳುಗಳಾದ ಆಗಸ್ಟ್, ಸೆಪ್ಟೆಂಬರ್‌ಗಳಿಗೆ ಮುನ್ನ ವಿಚಾರಿಸಿದರೆ ಅವಕಾಶ ಹೆಚ್ಚು. ಅಲ್ಲಿ ಒಂದು ವರ್ಷ ದುಡಿದವರು ಹತ್ತಾರು ಬಗೆಯ ವ್ಯಾಪಾರಗಳ ಪುಸ್ತಕಗಳನ್ನು ಕಂಡಿರುತ್ತಾರೆ.

ಸಂದರ್ಶನಕ್ಕೆ ಮುನ್ನ ಸಂಸ್ಥೆಯನ್ನು ತಿಳಿದುಕೊಳ್ಳಬೇಕು. ನೋಂದಾಯಿತ ವ್ಯಾಪಾರಿಯು ತನ್ನ ಜಿಎಸ್‌ಟಿ ಸಂಖ್ಯೆಯನ್ನು ಪ್ರವೇಶದ್ವಾರದ ನಾಮಫಲಕದಲ್ಲಿ ಪ್ರದರ್ಶಿಸಬೇಕೆಂಬ ನಿಯಮವಿದೆ. ಆ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಸಂಸ್ಥೆಯ ಕಾನೂನುಬದ್ಧ ಹೆಸರು, ನೋಂದಣಿಯ ದಿನಾಂಕ, ರಿಟರ್ನ್‌ಗಳನ್ನು ಯಾವ ದಿನ ಸಲ್ಲಿಸಲಾಗಿದೆ ಎಂಬ ವಿವರಗಳು ಯಾರಿಗೂ ದೊರೆಯುತ್ತವೆ. ಇದರಿಂದ ಎರಡು ಪ್ರಯೋಜನ. ಸಂಸ್ಥೆ ನಿಜವಾದುದೋ ಎಂದು ತಿಳಿಯುತ್ತದೆ. ತಾನು ಸೇರಲಿರುವ ಮೇಜು ಎಷ್ಟು ಕ್ರಮದಲ್ಲಿದೆ ಎಂಬುದೂ ತಿಳಿಯುತ್ತದೆ.

ಸ್ವವಿವರ ಒಂದೇ ಪುಟದಲ್ಲಿರಲಿ. "ಶ್ರಮಜೀವಿ, ತಂಡದಲ್ಲಿ ದುಡಿಯಬಲ್ಲೆ" ಎಂಬ ಸಾಲುಗಳಿಗೆ ಬದಲಾಗಿ "ಸೋದರಮಾವನ ಕಿರಾಣಿ ಅಂಗಡಿಯ ಖರೀದಿ ಬಿಲ್ಲುಗಳನ್ನು ಆರು ತಿಂಗಳು ಟ್ಯಾಲಿಯಲ್ಲಿ ನಮೂದಿಸಿದ್ದೇನೆ" ಎಂಬ ಒಂದು ಸಾಲು ಮಾಲೀಕರ ಕಣ್ಣಿಗೆ ಬೀಳುತ್ತದೆ. ತರಬೇತಿ ಪ್ರಮಾಣಪತ್ರವಿದ್ದೂ ಸರಳ ವೋಚರು ಬರೆಯಲಾಗದಿದ್ದರೆ ಆ ಪತ್ರವೇ ಅಭ್ಯರ್ಥಿಯ ವಿರುದ್ಧ ಸಾಕ್ಷಿಯಾಗುತ್ತದೆ. ತಿಳಿಯದ ಪ್ರಶ್ನೆಗೆ "ತಿಳಿದಿಲ್ಲ, ಕಲಿಯುತ್ತೇನೆ" ಎನ್ನಲು ಸಂಕೋಚ ಬೇಡ. ಲೆಕ್ಕದ ಕೆಲಸದಲ್ಲಿ ಊಹೆಯ ಉತ್ತರ ಕೊಡುವವರಿಗಿಂತ ಕೇಳಿ ತಿಳಿಯುವವರೇ ಹೆಚ್ಚು ಬೆಲೆಯುಳ್ಳವರು. ಕೊನೆಗೆ ಅಭ್ಯರ್ಥಿಯೂ ಎರಡು ಪ್ರಶ್ನೆ ಕೇಳಬೇಕು: "ನನಗೆ ಕೆಲಸ ಕಲಿಸುವವರು ಯಾರು?" "ಹಿಂದೆ ಇದ್ದವರು ಏಕೆ ಬಿಟ್ಟರು?"

ಒಂದು ಮಾತನ್ನು ಮರೆಯಬಾರದು. ನೋಂದಣಿ ಶುಲ್ಕ, ತರಬೇತಿ ಠೇವಣಿ, ಸಮವಸ್ತ್ರದ ಹಣ ಎಂದು ಯಾವ ಹೆಸರಿನಲ್ಲಾದರೂ ಕೆಲಸ ಕೊಡಲು ಮುಂಗಡ ಹಣ ಕೇಳುವವರಿಂದ ದೂರವಿರಬೇಕು. ಸಂಬಳ ಕೊಡಬೇಕಾದವರು ಅಭ್ಯರ್ಥಿಯಿಂದಲೇ ಹಣ ಕೇಳುವ ವ್ಯವಹಾರ ಉದ್ಯೋಗವಲ್ಲ.

ವೇತನದ ಮಾತು ಸ್ಪಷ್ಟವಾಗಿರಲಿ

ವೇತನದ ಬಗ್ಗೆ ಉಂಟಾಗುವ ಮನಸ್ತಾಪಗಳಲ್ಲಿ ಹೆಚ್ಚಿನವು ಕಡಿತಗಳನ್ನು ಮೊದಲೇ ವಿವರಿಸದುದರಿಂದ ಹುಟ್ಟುತ್ತವೆ. ತಿಂಗಳಿಗೆ 16,000 ರೂ. ವೇತನ, ಅದೆಲ್ಲವೂ ಮೂಲವೇತನ ಮತ್ತು ತುಟ್ಟಿಭತ್ಯೆ ಎಂದಿಟ್ಟುಕೊಳ್ಳೋಣ. 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದ 15,000 ರೂ. ಮಿತಿಯ ಮೇಲೆ ಭವಿಷ್ಯನಿಧಿಗೆ ಶೇ. 12ರಂತೆ 1,800 ರೂ.; 2019ರ ಜುಲೈನಲ್ಲಿ ನಿಗದಿಯಾದ ಶೇ. 0.75ರ ದರದಲ್ಲಿ ಇಎಸ್‌ಐಗೆ 120 ರೂ. ಕರ್ನಾಟಕದಲ್ಲಿ 25,000 ರೂ.ಗಿಂತ ಕಡಿಮೆ ಮಾಸಿಕ ವೇತನಕ್ಕೆ ವೃತ್ತಿ ತೆರಿಗೆಯಿಲ್ಲ. ಕೈಗೆ ಬರುವುದು 14,080 ರೂ. ಮಾಲೀಕರ ಕಡೆಯಿಂದ ಭವಿಷ್ಯನಿಧಿ, ಅದರ ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಶೇ. 13ರಂತೆ 1,950 ರೂ., ಇಎಸ್‌ಐಗೆ ಶೇ. 3.25ರಂತೆ 520 ರೂ. ಹೀಗೆ ಮಾಲೀಕರಿಗೆ ತಗಲುವ ವೆಚ್ಚ 18,470 ರೂ.

ಈ ಎರಡು ಅಂಕಿಗಳನ್ನು ಅಭ್ಯರ್ಥಿಯ ಮುಂದೆ ಬರೆದು ತೋರಿಸಬೇಕು. 1,800 ರೂ. "ಹೋಯಿತು" ಎಂದು ಭಾವಿಸುವ ಯುವಕನಿಗೆ ಅದು ತನ್ನ ಹೆಸರಿನಲ್ಲೇ ಬೆಳೆಯುವ ಹಣವೆಂದೂ, 120 ರೂ.ಗೆ ತನಗೂ ತನ್ನ ಅವಲಂಬಿತರಿಗೂ ವೈದ್ಯಕೀಯ ಸೌಲಭ್ಯವಿದೆಯೆಂದೂ ಹೇಳುವವರು ಬೇಕು.

ಹತ್ತನೆಯ ಮತ್ತು ಇಪ್ಪತ್ತನೆಯ ವ್ಯಕ್ತಿಯ ನೇಮಕದ ವೇಳೆಗೆ ಮಾಲೀಕರು ವಿಶೇಷ ಎಚ್ಚರ ವಹಿಸಬೇಕು. ಸಾಮಾನ್ಯವಾಗಿ 10 ಜನರಿಗೆ ಇಎಸ್‌ಐ, 20 ಜನರಿಗೆ ಭವಿಷ್ಯನಿಧಿ ಅನ್ವಯವಾಗುತ್ತದೆ. 19ಕ್ಕೆ ನಿಲ್ಲಿಸಲು ಹೊಸಬರ ಹೆಸರನ್ನು ಹಾಜರಿ ಪುಸ್ತಕದಿಂದ ಹೊರಗಿಡುವ "ಉಪಾಯ" ತಪಾಸಣೆಯ ದಿನ ಬಾಕಿ, ಬಡ್ಡಿ, ದಂಡಗಳಾಗಿ ಮರಳುತ್ತದೆ.

ಈಗಾಗಲೇ ಭವಿಷ್ಯನಿಧಿಗೆ ಒಳಪಟ್ಟಿರುವ ಘಟಕಗಳಿಗೆ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ನೆರವಾಗಬಲ್ಲುದು. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಸೃಷ್ಟಿಯಾಗುವ ಉದ್ಯೋಗಗಳಿಗೆ ಇದು ಅನ್ವಯ. ಮೊದಲ ಬಾರಿಗೆ ಕೆಲಸಕ್ಕೆ ಸೇರಿದವರಿಗೆ ಒಂದು ತಿಂಗಳ ಭವಿಷ್ಯನಿಧಿ ವೇತನದಷ್ಟು, ಗರಿಷ್ಠ 15,000 ರೂ., ಎರಡು ಕಂತುಗಳಲ್ಲಿ ದೊರೆಯುತ್ತದೆ. ಉದ್ಯೋಗದಾತರಿಗೆ ಪ್ರತಿ ಹೆಚ್ಚುವರಿ ನೌಕರರಿಗೆ ತಿಂಗಳಿಗೆ ಗರಿಷ್ಠ 3,000 ರೂ. ಎರಡು ವರ್ಷ, ಉತ್ಪಾದನಾ ಘಟಕಗಳಿಗಾದರೆ ನಾಲ್ಕು ವರ್ಷ. 50ಕ್ಕಿಂತ ಕಡಿಮೆ ನೌಕರರಿರುವವರು ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ನೇಮಿಸಬೇಕು, ಆರು ತಿಂಗಳಾದರೂ ಉಳಿಸಿಕೊಳ್ಳಬೇಕು. ಉಳಿಸಿಕೊಳ್ಳುವ ಷರತ್ತು ಪೂರೈಸಬೇಕಾದರೆ ಸರಿಯಾದ ಆಯ್ಕೆ ಮೊದಲು ಆಗಬೇಕು.

ನೇಮಕಾತಿ ಪತ್ರ ಮತ್ತು ಮೂಲ ದಾಖಲೆಗಳು

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರ ನೀಡುವುದನ್ನು ಉದ್ಯೋಗದಾತರ ಕರ್ತವ್ಯವನ್ನಾಗಿಸಿವೆ. ಹುದ್ದೆ, ಸೇರಿದ ದಿನ, ವೇತನದ ವಿಭಾಗ, ಕೆಲಸದ ವೇಳೆ, ಪರೀಕ್ಷಾರ್ಥ ಅವಧಿ, ಬಿಡುವ ಮುನ್ನ ಕೊಡಬೇಕಾದ ಸೂಚನೆಯ ಅವಧಿ, ರಜೆ. ಇಷ್ಟಿದ್ದರೆ ಒಂದು ಪುಟ ಸಾಕು. ಪರೀಕ್ಷಾರ್ಥ ಅವಧಿ ಮುಗಿದ ಮೇಲೆ ವೇತನ ಪರಿಷ್ಕರಣೆಯಾಗುವುದಾದರೆ ಅದನ್ನೂ ಬರೆಯಬೇಕು. "ನೋಡೋಣ" ಎಂಬ ಬಾಯಿಮಾತು ಆರು ತಿಂಗಳ ನಂತರ ಇಬ್ಬರಿಗೂ ಬೇರೆಬೇರೆಯಾಗಿ ನೆನಪಾಗುತ್ತದೆ.

ಅಂಕಪಟ್ಟಿಗಳ ಮೂಲಪ್ರತಿಯನ್ನು ತಾಳೆ ನೋಡಿ ಅಂದೇ ಹಿಂದಿರುಗಿಸಬೇಕು. "ಬಿಟ್ಟುಹೋಗದಿರಲಿ" ಎಂದು ಮೂಲ ಅಂಕಪಟ್ಟಿಯನ್ನು ಬೀರುವಿನಲ್ಲಿಡುವ ಪದ್ಧತಿ ಕೆಲವೆಡೆ ಉಳಿದಿದೆ. ಅದರಿಂದ ನೌಕರರು ಉಳಿಯಬಹುದು, ನಿಷ್ಠೆ ಉಳಿಯದು. ಉನ್ನತ ವ್ಯಾಸಂಗಕ್ಕೋ ಸರ್ಕಾರಿ ಹುದ್ದೆಯ ದಾಖಲೆ ಪರಿಶೀಲನೆಗೋ ಆ ಒಂದು ಹಾಳೆ ಸಿಗದೆ ವರ್ಷವನ್ನು ಕಳೆದುಕೊಳ್ಳುವವರು ಇನ್ನೊಬ್ಬರ ಮನೆಯ ಮಕ್ಕಳು.

ಮೊದಲ ಮೂರು ತಿಂಗಳು

ಸಂದರ್ಶನದಲ್ಲಿ ಆರಿಸಿದವರನ್ನು ಮೊದಲ ದಿನವೇ ಹಳೆಯ ಕಡತಗಳ ರಾಶಿಯ ಮುಂದೆ ಕೂರಿಸಿದರೆ ಆಯ್ಕೆ ವ್ಯರ್ಥ. ಮೊದಲ ತಿಂಗಳು ಮಾರಾಟ ಬಿಲ್ಲು, ವೋಚರು, ಕಡತಗಳ ಜೋಡಣೆ. ಎರಡನೆಯ ತಿಂಗಳು ಬ್ಯಾಂಕ್ ತಾಳೆ, ಮತ್ತು ಪ್ರತಿ ತಿಂಗಳ 14ರಂದು ದೊರೆಯುವ 2ಬಿ ಪಟ್ಟಿಯೊಡನೆ ಖರೀದಿ ಪುಸ್ತಕದ ಹೋಲಿಕೆ. ಮೂರನೆಯ ತಿಂಗಳು ರಿಟರ್ನ್‌ನ ಕರಡು ಸಿದ್ಧಪಡಿಸುವುದು. ಸಲ್ಲಿಸುವುದು ಮಾತ್ರ ಪರಿಶೋಧಕರು ನೋಡಿದ ಮೇಲೆ. ನಗದು ಪುಸ್ತಕ ಬರೆಯುವವರ ಕೈಯಲ್ಲೇ ನಗದು ಪೆಟ್ಟಿಗೆಯ ಕೀಲಿ ಇರಬಾರದು. ಬ್ಯಾಂಕಿನ ಒಟಿಪಿ ಮಾಲೀಕರ ಫೋನಿಗೇ ಬರಬೇಕು. ಇದು ಅಪನಂಬಿಕೆಯಲ್ಲ. ನಾಳೆ ಏನಾದರೂ ವ್ಯತ್ಯಾಸ ಕಂಡರೆ ಹೊಸಬರ ಮೇಲೆ ವೃಥಾ ಸಂಶಯ ಬೀಳದಂತೆ ಕಾಯುವ ವ್ಯವಸ್ಥೆ.

ಒಂದು ಹುದ್ದೆಗೆ ಎಂಟು ಮಂದಿ ಬಂದರೆ ಏಳು ಮಂದಿ ಬರಿಗೈಯಲ್ಲಿ ಮರಳುತ್ತಾರೆ. "ತಿಳಿಸುತ್ತೇವೆ" ಎಂದು ಹೇಳಿ ತಿಳಿಸದೆ ಬಿಡುವುದು ನಮ್ಮ ಊರುಗಳ ದೊಡ್ಡ ಲೋಪ. ಒಂದು ವಾರದೊಳಗೆ ಪ್ರತಿಯೊಬ್ಬರಿಗೂ ದೂರವಾಣಿಯಲ್ಲಿ, ಆಯ್ಕೆಯಾಗಿಲ್ಲವೆಂಬುದನ್ನೂ, "ಬ್ಯಾಂಕ್ ತಾಳೆಯನ್ನು ಇನ್ನಷ್ಟು ಅಭ್ಯಾಸ ಮಾಡಿ" ಎಂಬಂತಹ ಒಂದು ಉಪಯುಕ್ತ ಮಾತನ್ನೂ ಹೇಳಿದರೆ ಅರ್ಧ ಗಂಟೆ ಹಿಡಿಯುತ್ತದೆ. ಚೆನ್ನಾಗಿ ಬರೆದ ಇನ್ನಿಬ್ಬರ ಹೆಸರನ್ನು ಪಕ್ಕದ ಘಟಕದವರಿಗೆ, ಅಭ್ಯರ್ಥಿಗಳ ಒಪ್ಪಿಗೆ ಪಡೆದು, ತಲುಪಿಸಬಹುದು. ಹಾಗೆ ತಲುಪಿದ ಹೆಸರುಗಳಿಂದ ಊರಿನ ಇನ್ನೆರಡು ಮೇಜುಗಳು ತುಂಬುತ್ತವೆ; ಮುಂದಿನ ಬಾರಿ ತಮ್ಮದೇ ಮೇಜು ಖಾಲಿಯಾದಾಗ ಪಕ್ಕದವರ ಪಟ್ಟಿಯೂ ಇತ್ತ ಬರುತ್ತದೆ.